ಹೆಲ್ವೆಟಿಕಾನೋ ಏರಿಯಲ್ಲೋ: ಮೊದಲು ಕ್ಯಾಪಿಟಲ್ ಆರ್ ನೋಡಿ

ಒಂದೇ ಪ್ಯಾರಾವನ್ನು ಒಂದೇ ಸೈಜಿನಲ್ಲಿ ಹೆಲ್ವೆಟಿಕಾ, ಏರಿಯಲ್ ಎಂಬ ಎರಡು ಇಂಗ್ಲಿಷ್ ಫಾಂಟ್‌ಗಳಲ್ಲೂ ಇಟ್ಟು ನೋಡಿದರೆ ಸಾಲುಗಳು ಒಂದೇ ಜಾಗದಲ್ಲಿ ಮುರಿಯುತ್ತವೆ. ಮ್ಯಾಕ್ಸ್ ಮೀಡಿಂಗರ್ 1957ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗೆ (ಅಚ್ಚುಮೊಳೆ ಎರಕದ ಕಂಪನಿ) ಬಿಡಿಸಿದ್ದು ಹೆಲ್ವೆಟಿಕಾ. 1982ರಲ್ಲಿ ಮೊನೊಟೈಪ್ ಎಂಬ ಫಾಂಟ್ ಕಂಪನಿಯವರು ಮಾಡಿದ ಏರಿಯಲ್‌ನ ಅಕ್ಷರಗಳಿಗೆ ಅದರದೇ ಅಗಲ. ಹಾಗಾಗಿ ಅಳತೆಯಿಂದ ಪತ್ತೆಯಾಗುವುದಿಲ್ಲ, ಆಕಾರವನ್ನೇ ನೋಡಬೇಕು.

72 ಪಾಯಿಂಟಿನಲ್ಲಿ ಅಕ್ಕಪಕ್ಕ ಇಟ್ಟಾಗ ಮೊದಲು ಕಣ್ಣಿಗೆ ಹೊಡೆಯುವುದು ಕ್ಯಾಪಿಟಲ್ ಆರ್. ಹೆಲ್ವೆಟಿಕಾದಲ್ಲಿ ಅದರ ಕಾಲು ಸ್ವಲ್ಪ ಬಾಗಿ ನೆಟ್ಟಗೆ ಕೆಳಗಿಳಿಯುತ್ತದೆ. ಏರಿಯಲ್‌ನಲ್ಲಿ ಓರೆಯಾಗಿ ಹೊರಕ್ಕೆ ಚಾಚುತ್ತದೆ. ಬೋಲ್ಡ್‌ನಲ್ಲೂ ಈ ಗುರುತು ಮಾಸುವುದಿಲ್ಲ, ಅದಕ್ಕೇ ನನ್ನ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಕ್ಯಾಪಿಟಲ್ ಜಿ ಕೂಡ ನಂಬಬಹುದಾದದ್ದೇ: ಹೆಲ್ವೆಟಿಕಾದಲ್ಲಿ ಬಲಬದಿಯ ಗೆರೆ ಕೆಳಕ್ಕೆ ಇಳಿದು ಮುಳ್ಳಿನಂತೆ ನಿಲ್ಲುತ್ತದೆ, ಏರಿಯಲ್‌ನಲ್ಲಿ ಆ ಮುಳ್ಳಿಲ್ಲ.

ಬರೀ ಸ್ಮಾಲ್ ಅಕ್ಷರಗಳಿದ್ದರೆ ಟಿ ಹುಡುಕಿ. ಅದರ ನೆತ್ತಿ ಹೆಲ್ವೆಟಿಕಾದಲ್ಲಿ ಮಟ್ಟಸ, ಏರಿಯಲ್‌ನಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ. ಸಿ, ಇ, ಎಸ್ ಅಕ್ಷರಗಳ ತುದಿಗೂ ಇದೇ ಲೆಕ್ಕ. ಅನುಮಾನ ಬಂದರೆ ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ರೂಲರ್‌ನಿಂದ ಅಡ್ಡ ಗೈಡ್‌ಲೈನ್ ಎಳೆದು ಸಿ ಅಕ್ಷರದ ಮೇಲಿನ ತುದಿಗೆ ತಾಗಿಸಿ. ತುದಿ ಪೂರ್ತಿ ಗೆರೆಗೆ ಕೂತರೆ ಹೆಲ್ವೆಟಿಕಾ, ಒಂದು ಮೂಲೆ ಮಾತ್ರ ತಾಗಿದರೆ ಏರಿಯಲ್. ಅಂಕಿ 1ರ ತಲೆಯಿಂದ ಎಡಕ್ಕೆ ಚಾಚುವ ಮೂತಿಯೂ ಏರಿಯಲ್‌ನಲ್ಲಿ ಓರೆ.

ಸ್ಮಾಲ್ ಎ ಅಕ್ಷರದ ಬಾಲವನ್ನು ಬಹಳ ಜನ ಮೊದಲು ನೋಡುತ್ತಾರೆ. ರೆಗ್ಯುಲರ್‌ನಲ್ಲಿ ಹೆಲ್ವೆಟಿಕಾಕ್ಕೆ ಬಾಲ ಸ್ಪಷ್ಟವಾಗಿರುತ್ತದೆ, ನಿಜ. ಆದರೆ ದಪ್ಪ ಹೆಚ್ಚಿದಂತೆ ಅದು ಮೊಟಕಾಗುತ್ತದೆ, ಸ್ಕ್ರೀನಿನ ಸಣ್ಣ ಸೈಜಿನಲ್ಲಿ ಕಾಣುವುದೂ ಕಷ್ಟ. ಇದೊಂದನ್ನೇ ನೆಚ್ಚಿಕೊಂಡು ತೀರ್ಮಾನಕ್ಕೆ ಬರಬೇಡಿ.

ಎಡವಟ್ಟಾಗುವುದು ಸಾಮಾನ್ಯವಾಗಿ ಫೈಲ್ ಕೈ ಬದಲಾಯಿಸುವಾಗ. ಹೆಲ್ವೆಟಿಕಾ ಇಲ್ಲದ ವಿಂಡೋಸ್ ಕಂಪ್ಯೂಟರ್ ಅದರ ಬದಲು ಏರಿಯಲ್ ಹಾಕುತ್ತದೆ. ಅಗಲ ಒಂದೇ ಆದ್ದರಿಂದ ಲೇಔಟ್ ಕದಲುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಪಿಡಿಎಫ್ ಆದರೆ ಅಕ್ರೋಬ್ಯಾಟ್‌ನ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಟ್ಯಾಬ್ ತೆರೆದು ಹೆಸರು ಓದಬಹುದು. ಫ್ಲೆಕ್ಸ್ ಪ್ರಿಂಟಿಂಗ್‌ಗೆ ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಬರೀ ಆಕಾರಗಳಾಗಿ ಬದಲಿಸಿ ಕಳಿಸಿದ ಫೈಲಿನಲ್ಲಿ ಆ ಹೆಸರೂ ಇರುವುದಿಲ್ಲ. ಅಲ್ಲಿ ಆರ್, ಜಿ, ಟಿ ಈ ಮೂರರಲ್ಲಿ ಎರಡಾದರೂ ಒಂದೇ ಉತ್ತರ ಕೊಡುವವರೆಗೆ ಪ್ರಿಂಟಿಗೆ ಒಪ್ಪಿಗೆ ಕೊಡಬೇಡಿ.