‘ಮಳೆ ವಾಸನೆ’ ಕೊಡುವ ಗಾಳಿ ಮಷೀನು ತಂದೆ, ಅವ್ವನ ದಮ್ಮು ಜಾಸ್ತಿ ಆಯಿತು

ಮನೆಯಲ್ಲಿ ದಮ್ಮು ಇರುವವರು, ಸಣ್ಣ ಮಕ್ಕಳು ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗಾಳಿ ಶುದ್ಧ ಮಾಡುತ್ತದೆ ಅಂತ ನಂಬಿ 11,500 ರೂಪಾಯಿಗೆ ತಂದ ಮಷೀನನ್ನು ಮೂರು ವಾರ ನಮ್ಮ ಅವ್ವನ ತಲೆದಿಂಬಿನ ಪಕ್ಕದಲ್ಲೇ ಇಟ್ಟಿದ್ದೆ. ಅವಳ ಕೆಮ್ಮು ಜಾಸ್ತಿ ಆದಾಗೆಲ್ಲ ಮಷೀನನ್ನೂ ಜೋರು ಮಾಡುತ್ತಿದ್ದೆ. ಕೆಮ್ಮು ಬರುತ್ತಿದ್ದುದೇ ಅದರಿಂದ ಅಂತ ನನಗೆ ಹೊಳೆಯಲೇ ಇಲ್ಲ.

ನಮ್ಮ ಮನೆ ಕಲಬುರಗಿಯ ಹುಮನಾಬಾದ್ ರಸ್ತೆ ಕಡೆ, ಕಪನೂರ ಇಂಡಸ್ಟ್ರಿಯಲ್ ಏರಿಯಾಕ್ಕೆ ಹತ್ತಿರ. ತೊಗರಿ ರಾಶಿ ಮುಗಿದು ದಾಲ್ ಮಿಲ್‌ಗಳು ಜೋರಾಗಿ ನಡೆಯುವ ದಿನಗಳಲ್ಲಿ, ಬೆಳಿಗ್ಗೆ ಒರೆಸಿದ ಫರ್ಸಿ ಮೇಲೆ ಸಂಜೆಗೆ ಬೆರಳಿಂದ ಹೆಸರು ಬರೆಯಬಹುದು. ಅವ್ವನಿಗೆ 68 ವರ್ಷ. ದಮ್ಮು ಹಳೆಯದು, ದಿನಾ ಪಂಪ್ ತಗೊಳ್ಳುತ್ತಾಳೆ. ಅವಳಿಗೆ ಸ್ವಲ್ಪ ಆರಾಮ ಆಗಲಿ ಅಂತ ಅಂಗಡಿಗೆ ಹೋದೆ.

ಅಂಗಡಿಯವನು ಒಂದು ಗಾಜಿನ ಡಬ್ಬಿಯಲ್ಲಿ ಊದುಬತ್ತಿ ಹೊಗೆ ತುಂಬಿಸಿದ. ಮಷೀನು ಹಚ್ಚಿದ. ಕಣ್ಣೆದುರಲ್ಲೇ ಹೊಗೆ ಮಾಯ! ‘ನೆಗೆಟಿವ್ ಅಯಾನ್ ರೀ ಸರ. ಎತ್ತಿಪೋತ ಜಲಪಾತದ ಮುಂದ ನಿಂತಂಗ ಆಗ್ತದ ನೋಡ್ರಿ’ ಅಂದ. ಇನ್ನೊಂದು ಬಟನ್ ತೋರಿಸಿ, ಇದು ‘ಆ್ಯಕ್ಟಿವ್ ಆಕ್ಸಿಜನ್’, ರೋಗಾಣು ಕೊಲ್ಲುತ್ತದೆ, ಮಳೆ ಬಿದ್ದಂಥ ವಾಸನೆ ಬರುತ್ತದೆ ಅಂದ. ನಾನು ದುಡ್ಡು ಕೊಟ್ಟೆ.

ಅವನ ಮಾತಿನಲ್ಲಿ ಅರ್ಧ ನಿಜ ಇತ್ತು. ಜಲಪಾತದ ಬಳಿ ನೆಗೆಟಿವ್ ಅಯಾನು, ಅಂದರೆ ಋಣ ವಿದ್ಯುತ್ತಿನ ಗುಣ ಇರುವ ಗಾಳಿಯ ಅತಿ ಸಣ್ಣ ಕಣಗಳು, ಜಾಸ್ತಿ ಇರುತ್ತವೆ. ಇದನ್ನು ಫಿಲಿಪ್ ಲೆನಾರ್ಡ್ ಎಂಬ ವಿಜ್ಞಾನಿ 1892ರಲ್ಲೇ ತೋರಿಸಿದ್ದರು. ಆದರೆ ಅಲ್ಲಿ ಅವು ಹುಟ್ಟುವುದು ನೀರು ಒಡೆದು ಚಿಮ್ಮುವಾಗ. ಮಷೀನಿನಲ್ಲಿ ಸೂಜಿಯಂಥ ತುದಿಗೆ ಸಾವಿರಾರು ವೋಲ್ಟ್ ಕರೆಂಟು ಹಾಯಿಸಿ ಹುಟ್ಟಿಸುತ್ತಾರೆ. ಆ ಅಯಾನು ಧೂಳಿನ ಕಣಕ್ಕೆ ಅಂಟುತ್ತವೆ. ಕಣಕ್ಕೆ ವಿದ್ಯುತ್ತಿನ ಗುಣ ಬಂದು ಅದು ಗೋಡೆಗೆ, ಪರದೆಗೆ, ಹಾಸಿಗೆಗೆ ಹೋಗಿ ಕೂರುತ್ತದೆ. ಗಾಜಿನ ಡಬ್ಬಿಯ ಹೊಗೆ ಹೋಗಿದ್ದೂ ಗಾಜಿನ ಗೋಡೆಗೇ. ಅಂದರೆ ಧೂಳು ಮನೆ ಬಿಟ್ಟು ಹೋಗುವುದಿಲ್ಲ. ವಾರದೊಳಗೆ ನಮ್ಮ ಮಷೀನಿನ ಹಿಂದಿನ ಸುಣ್ಣದ ಗೋಡೆ ಕಪ್ಪಾಗಿತ್ತು. ‘ನೋಡು, ಎಷ್ಟು ಹೊಲಸು ಹಿಡಿದಾದ’ ಅಂತ ಅವ್ವನೂ ಖುಷಿ ಪಟ್ಟಳು. ಹಾಸಿಗೆ ಜಾಡಿಸಿದರೆ, ಫ್ಯಾನ್ ತಿರುಗಿದರೆ ಅದೇ ಧೂಳು ಮತ್ತೆ ಏಳುತ್ತದೆ, ಅಲ್ವಾ? ಅದು ಆಗ ತಲೆಗೆ ಹೋಗಲಿಲ್ಲ.

ಎರಡನೇ ಬಟನ್ ಇನ್ನೂ ಅಪಾಯದ್ದು. ‘ಆ್ಯಕ್ಟಿವ್ ಆಕ್ಸಿಜನ್’ ಅಂದರೆ ಓಝೋನ್. ನಾವು ಉಸಿರಾಡುವ ಆಕ್ಸಿಜನ್ನಿನಲ್ಲಿ ಎರಡು ಪರಮಾಣು, ಇದರಲ್ಲಿ ಮೂರು. ಆಕಾಶದಲ್ಲಿ ಹತ್ತಾರು ಕಿಲೋಮೀಟರ್ ಎತ್ತರದಲ್ಲಿದ್ದರೆ ನಮ್ಮನ್ನು ಬಿಸಿಲಿನ ಕೆಟ್ಟ ಕಿರಣಗಳಿಂದ ಕಾಯುತ್ತದೆ. ಮೂಗಿನೊಳಗೆ ಹೋದರೆ ಶ್ವಾಸನಾಳವನ್ನೇ ಸುಡುತ್ತದೆ. ಗಂಟಲು ಕೆರೆತ, ಕೆಮ್ಮು, ಎದೆ ಬಿಗಿತ, ದಮ್ಮು ಇದ್ದವರಿಗೆ ದಮ್ಮು ಕೆರಳುವುದು, ಎಲ್ಲ ಇದರಿಂದ ಆಗುತ್ತದೆ.

ನಮ್ಮಲ್ಲೂ ಆಗಿದ್ದು ಅದೇ. ನಾಲ್ಕನೇ ದಿನದಿಂದ ಅವ್ವನಿಗೆ ರಾತ್ರಿ ಕೆಮ್ಮು. ‘ಎದಿ ಹಿಡ್ಕೊಂಡಂಗ ಆಗ್ಲಾಕತ್ತದ’ ಅನ್ನುತ್ತಿದ್ದಳು. ಮಿಲ್ಲಿನ ಧೂಳು ಜಾಸ್ತಿ ಆಗಿರಬೇಕು ಅಂತ ನಾನು ಕಿಟಕಿ ಮುಚ್ಚಿದೆ, ಎರಡೂ ಬಟನ್ ಹಚ್ಚಿದೆ. ಅವಳ ಮಾತ್ರೆ ಪಟ್ಟಿಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳು ಮುಟ್ಟಿದರೆ ಪಟ್ ಅಂತ ಹರಿಯುತ್ತಿದ್ದವು. ಎಳೆದು ಕಟ್ಟಿದ ರಬ್ಬರನ್ನು ಓಝೋನ್ ಬಿರುಕು ಬಿಡಿಸುತ್ತದೆ ಅಂತ ಆಮೇಲೆ ತಿಳಿಯಿತು. ಆಗ ಸುಮ್ನೆ ಹೊಸ ಬ್ಯಾಂಡ್ ಹಾಕಿದೆ.

ಕಣ್ಣು ತೆರೆಸಿದ್ದು ಬೀದರದಿಂದ ಬಂದ ನನ್ನ ತಂಗಿ. ಹೊಸ್ತಿಲು ದಾಟುತ್ತಲೇ ‘ಅಣ್ಣಾ, ಝೆರಾಕ್ಸ್ ಅಂಗಡ್ಯಾಗ ಬರ್ತದಲ್ಲ, ಆ ವಾಸನಿ ಬರ್ಲಾಕತ್ತದ’ ಅಂದಳು. ನಮಗೆ ವಾಸನೆ ಗೊತ್ತೇ ಆಗುತ್ತಿರಲಿಲ್ಲ. ಮೂಗು ಅದಕ್ಕೆ ಒಗ್ಗಿ ಹೋಗಿತ್ತು. ಮರುದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಮನೆಗೆ ಹೊಸದಾಗಿ ಏನು ತಂದಿದ್ದೀರಿ ಅಂತ ಅವರು ಕೇಳಿದರು. ಹೇಳಿದೆ. ‘ಮೊದಲು ಅದನ್ನು ಬಂದ್ ಮಾಡಿ’ ಅಂದರು. ಬಂದ್ ಮಾಡಿ ಕಿಟಕಿ ತೆರೆದೆವು. ಐದಾರು ದಿನಕ್ಕೆ ಅವ್ವ ರಾತ್ರಿ ಪೂರ್ತಿ ಮಲಗಿದಳು.

ಆಮೇಲೆ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿದ್ದುದನ್ನು ಓದಿದೆ. ಗಂಟೆಗೆ 50 ಮಿಲಿಗ್ರಾಂ ಓಝೋನ್. ನಮ್ಮ ದೇಶದ 2009ರ ಗಾಳಿ ಗುಣಮಟ್ಟದ ನಿಯಮ ಎಂಟು ಗಂಟೆಯ ಸರಾಸರಿಗೆ ಇಟ್ಟ ಮಿತಿ, ಒಂದು ಘನ ಮೀಟರ್ ಗಾಳಿಯಲ್ಲಿ 100 ಮೈಕ್ರೋಗ್ರಾಂ ಓಝೋನ್. ಅದು ಹೊರಗಿನ ಗಾಳಿಗೆ ಇಟ್ಟಿದ್ದು, ಆದರೆ ಪುಪ್ಪುಸ ಅದೇ ಅಲ್ವಾ? ಅವ್ವನ ಕೋಣೆ 10ಕ್ಕೆ 12 ಅಡಿ, ಎತ್ತರ 10 ಅಡಿ. ಅಂದರೆ ಸುಮಾರು 34 ಘನ ಮೀಟರ್. ಆ ಲೆಕ್ಕಕ್ಕೆ ಇಡೀ ಕೋಣೆಯಲ್ಲಿ 3.4 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಮಷೀನು ಅಷ್ಟನ್ನು ನಾಲ್ಕೇ ನಿಮಿಷದಲ್ಲಿ ಕಕ್ಕುತ್ತದೆ. ಓಝೋನ್ ತಾನಾಗಿಯೂ ಒಡೆಯುತ್ತದೆ, ಗೋಡೆ ಬಟ್ಟೆಗೆ ತಗುಲಿಯೂ ಕಡಿಮೆ ಆಗುತ್ತದೆ, ನಿಜ. ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಷೀನು ರಾತ್ರಿಯಿಡೀ ನಡೆದಿತ್ತು. ಈ ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ರೋಗಾಣು ಸಾಯುತ್ತವೆ ಅಂತಾರಲ್ಲ, ಅದಕ್ಕೆ ಮನುಷ್ಯರು ತಾಳುವ ಮಿತಿಗಿಂತ ಐದರಿಂದ ಹತ್ತು ಪಟ್ಟು ಓಝೋನ್ ಬೇಕು ಅನ್ನುತ್ತದೆ ಅಮೆರಿಕದ ಪರಿಸರ ಸಂಸ್ಥೆ. ಜನರಿಗೆ ಸುರಕ್ಷಿತವಾದಷ್ಟೇ ಬಿಟ್ಟರೆ ಗಾಳಿ ಶುದ್ಧ ಆಗುವುದಿಲ್ಲ. ಶುದ್ಧ ಆಗುವಷ್ಟು ಬಿಟ್ಟರೆ ಜನ ಒಳಗೆ ಇರುವಂತಿಲ್ಲ. ಇನ್ನೊಂದು ಮಾತು. ನಿಂಬೆ ವಾಸನೆಯ ಫಿನೈಲ್ ಹಾಕಿ ಫರ್ಸಿ ಒರೆಸುತ್ತಿದ್ದೆವು. ಆ ನಿಂಬೆ ವಾಸನೆಯ ಜೊತೆ ಓಝೋನ್ ಸೇರಿದರೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಸ ಕಣಗಳೂ ಹುಟ್ಟುತ್ತವೆ.

ಮಷೀನು ಬೇಕೇ ಬೇಕು ಅಂದರೆ ಧೂಳನ್ನು ಒಳಗೆ ಎಳೆದು ಹಿಡಿದಿಡುವ ಹೆಪಾ ಫಿಲ್ಟರ್ ಇರುವುದನ್ನೇ ಕೇಳಿ. ಅದರಲ್ಲೂ ಅಯಾನೈಸರ್ ಬಟನ್ ಇರಬಹುದು, ಅದನ್ನು ಬಂದ್ ಇಡಿ. ಬರೀ ಅಯಾನು ಬಿಡುವ ಮಷೀನಿನಿಂದಲೂ ಸ್ವಲ್ಪ ಓಝೋನ್ ಬರುತ್ತದೆ. ಡಬ್ಬಿ ಮೇಲೆ ‘ಪ್ಲಾಸ್ಮಾ’, ‘ಆ್ಯಕ್ಟಿವ್ ಆಕ್ಸಿಜನ್’ ಅಂತಿದ್ದರೆ ಓಝೋನ್ ಎಷ್ಟು ಬರುತ್ತದೆ ಅಂತ ಬರೆದು ಕೊಡಲು ಹೇಳಿ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ 0.05 ಪಿಪಿಎಂಗಿಂತ ಜಾಸ್ತಿ ಓಝೋನ್ ಬಿಡುವ ಮನೆ ಮಷೀನು ಮಾರುವಂತಿಲ್ಲ. ಅಂದರೆ ಎರಡು ಕೋಟಿ ಪಾಲು ಗಾಳಿಗೆ ಒಂದು ಪಾಲು. ನಾವು ಈಗ ಮಿಲ್ಲು ನಡೆಯುವ ಹೊತ್ತು ಕಿಟಕಿ ಮುಚ್ಚಿ, ನಸುಕಿನಲ್ಲಿ ತೆರೆದು, ದಿನಕ್ಕೆ ಎರಡು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ.

ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಪಕ್ಕದ ಮನೆಯವರು ಅರ್ಧ ಬೆಲೆಗೆ ಕೇಳಿದರು. ಅವರ ಮನೆಯಲ್ಲಿ ನಾಲ್ಕು ವರ್ಷದ ಕೂಸಿದೆ. ಕೊಡೋದಿಲ್ಲ ಅಂದೆ, ಯಾಕೆ ಅಂತಲೂ ಹೇಳಿದೆ. ಅವತ್ತೇ ಅದರ ವಾಯರು ಕತ್ತರಿಸಿ ಗುಜರಿಗೆ ಹಾಕಿ ಬಂದೆ.