ಮೊಬೈಲ್ ಪರದೆಗೆ ಗ್ಲಾಸೋ, ಫಿಲ್ಮೋ?

ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರು ಮೊಬೈಲಿಗೆ ಟೆಂಪರ್ಡ್ ಗ್ಲಾಸ್ ಹಾಕಿಸಬೇಕೋ, ಟಿಪಿಯು ಎಂಬ ಮೆತ್ತನೆಯ ಪ್ಲಾಸ್ಟಿಕ್ ಫಿಲ್ಮ್ ಸಾಕೋ ಎಂದು ಕೇಳಿದರೆ, ಫೋನ್ ಬೀಳುವುದು ಹೆಚ್ಚೋ, ದೂಳು ಹೆಚ್ಚೋ ಎಂಬುದನ್ನು ಮೊದಲು ನೋಡಬೇಕು. ಬಿದ್ದಾಗ ಸುಮಾರು 0.33 ಮಿ.ಮೀ. ದಪ್ಪದ ಗ್ಲಾಸ್ ತಾನು ಒಡೆದು ಪರದೆಯನ್ನು ಉಳಿಸುವ ಸಂಭವ ಹೆಚ್ಚು. ತೆಳು ಫಿಲ್ಮ್ ಪೆಟ್ಟನ್ನು ಅಷ್ಟಾಗಿ ತಡೆಯದು. ಆದರೆ ಡಬ್ಬಿಯ ಮೇಲಿನ ‘9ಎಚ್’ ಎಂಬುದು ಪೆನ್ಸಿಲಿನಿಂದ ಗೀರಿ ನೋಡುವ ಗಡಸುತನದ ಅಳತೆಯೇ ಹೊರತು ಖನಿಜಗಳ ಗಡಸುತನದ್ದಲ್ಲ. ಗ್ರಾನೈಟ್ ದೂಳಿನಲ್ಲಿರುವ ಕ್ವಾರ್ಟ್ಜ್ ಎಂಬ ಗಟ್ಟಿ ಖನಿಜ ಗಾಜನ್ನೂ ಗೀರುತ್ತದೆ, ಅದಕ್ಕೆ ಜೇಬಿನ ಮೂಲೆಯಲ್ಲಿ ಕೂತ ಚಿಟಿಕೆ ಹುಡಿಯೇ ಸಾಕು. ಫಿಲ್ಮಿನ ಮೇಲಿನ ಸಣ್ಣ ಗೀರುಗಳು ತಾವಾಗಿಯೇ ಮಾಯುವುದುಂಟು. ಅಂಚು ಬಾಗಿದ ಪರದೆಗೂ, ಪರದೆಯಡಿಯಿಂದ ಶಬ್ದತರಂಗದ ಮೂಲಕ ಬೆರಳಚ್ಚು ಓದುವ (ಅಲ್ಟ್ರಾಸಾನಿಕ್) ಫೋನಿಗೂ ಫಿಲ್ಮೇ ಸಲೀಸು. ಸಪಾಟು ಪರದೆಯ ಫೋನನ್ನು ಪದೇ ಪದೇ ಕೈಜಾರಿಸುವವರಿಗೆ ಗ್ಲಾಸೇ ಲೇಸು. ಸಾದಾ ಗ್ಲಾಸ್ ಅಗ್ಗವಾದರೂ, ಬಿರುಕು ಬಿಟ್ಟಾಗಲೆಲ್ಲ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು.