ವೆಬ್‌ಕ್ಯಾಮ್ ಕೈ ಕೊಟ್ಟಿದೆ ಅಂತ ಲಿನಕ್ಸ್ ಕರ್ನಲ್ ಬಿಲ್ಡ್ ಮಾಡಕ್ಕೆ ಹೊರಟಿದ್ರೆ ಮೊದ್ಲು ಇದನ್ನ ಓದಿ

ಲಿನಕ್ಸ್‌ನ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಆಯ್ತು, ಯುಎಸ್‌ಬಿ ವೆಬ್‌ಕ್ಯಾಮ್ ಹೋಯ್ತು. ಆ್ಯಪ್‌ನಲ್ಲಿ ಕ್ಯಾಮೆರಾ ಹೆಸರು ಕಾಣ್ಸತ್ತೆ, ಚಿತ್ರ ಮಾತ್ರ ಪೂರ್ತಿ ಕಪ್ಪು, ಲಾಗ್ ತೆಗೆದ್ರೆ ಯುವಿಸಿವಿಡಿಯೋ ಅನ್ನೋ ಯುಎಸ್‌ಬಿ ಕ್ಯಾಮೆರಾ ಡ್ರೈವರ್ -110 ಅಂತ ಸಾಲುಸಾಲಾಗಿ ಬೈಕೊಂಡು ಕೂತಿದೆ, ಅಂದ್ರೆ ಟೈಮ್‌ಔಟ್, ಸಮಯಕ್ಕೆ ಉತ್ತರ ಬರ್ಲಿಲ್ಲ ಅಂತ. ಹಳೇ ಕರ್ನಲ್‌ಗೆ ಬೂಟ್ ಮಾಡಿದ್ರೆ ಏನೂ ತೊಂದ್ರೆ ಇಲ್ಲ. ಸರಿ, ಗಿಟ್ ಬೈಸೆಕ್ಟ್ ಮಾಡಿ ಯಾವ ಕಮಿಟ್ (ಕೋಡ್‌ನಲ್ಲಿ ಆದ ಒಂದು ಬದಲಾವಣೆ) ಕೆಡಿಸ್ತು ಅಂತ ಹುಡುಕೋಣ ಅಂತ ಕೂತೆ. ಅಂದ್ರೆ ಸರಿ ಇದ್ದ ವರ್ಷನ್‌ಗೂ ಕೆಟ್ಟಿದ್ದಕ್ಕೂ ನಡುವಿನ ಒಂದು ಕಮಿಟ್ ಬಿಲ್ಡ್ ಮಾಡಿ ನೋಡಿ, ಗುಡ್ ಇಲ್ಲಾ ಬ್ಯಾಡ್ ಅಂತ ಹೇಳಿ, ಹುಡುಕೋ ಜಾಗನ ಪ್ರತಿ ಸಲ ಅರ್ಧ ಮಾಡ್ತಾ ಹೋಗೋದು.

ಎಲ್ಲಾ ಗೈಡ್‌ಗಳೂ ಹೇಳೋದು ಒಂದೇ, ಲೋಕಲ್‌ಮಾಡ್‌ಕಾನ್ಫಿಗ್ (ಬಿಲ್ಡ್‌ಗೆ ಏನೇನು ಸೇರ್ಬೇಕು ಅನ್ನೋ ಕಾನ್ಫಿಗ್‌ನ ಚಿಕ್ಕದು ಮಾಡೋ ಕಮಾಂಡ್) ಹಾಕಿ ಬಿಲ್ಡ್ ಬೇಗ ಮುಗಿಯತ್ತೆ ಅಂತ. ಮುಗಿಯತ್ತೆ, ಸುಳ್ಳಲ್ಲ, ಯಾಕಂದ್ರೆ ಅದು ಆ ಕ್ಷಣಕ್ಕೆ ಲೋಡ್ ಆಗಿರೋ ಮಾಡ್ಯೂಲ್‌ಗಳನ್ನ (ಬೇಕಾದಾಗ ಕರ್ನಲ್‌ಗೆ ಸೇರ್ಕೊಳ್ಳೋ ಡ್ರೈವರ್ ತರದ ತುಣುಕುಗಳು) ಮಾತ್ರ ಉಳಿಸ್ಕೊಂಡು ಮಿಕ್ಕಿದ್ದೆಲ್ಲ ಕಿತ್ತಾಕತ್ತೆ. ಕ್ಯಾಮೆರಾ ಆಗ ಬೇರೆ ಮೆಷಿನ್‌ನಲ್ಲಿತ್ತು. ಹಾಗಾಗಿ ಯುವಿಸಿವಿಡಿಯೋ ಬಿಲ್ಡ್ ಆಗ್ಲೇ ಇಲ್ಲ, ಬೂಟ್ ಮಾಡಿ ನೋಡಿದ್ರೆ ಕ್ಯಾಮೆರಾ ಇಲ್ಲ, ಬ್ಯಾಡ್ ಅಂತ ಹಾಕೋದು, ಮತ್ತೆ ಬಿಲ್ಡ್, ಮತ್ತೆ ಬ್ಯಾಡ್. ಕೊನೆಗೆ ಬೈಸೆಕ್ಟ್ ಬೊಟ್ಟು ಮಾಡಿದ್ದು ಕ್ಯಾಮೆರಾಗೆ ಸಂಬಂಧಾನೇ ಇಲ್ದಿರೋ ಒಂದು ಕಮಿಟ್‌ನ, ಅದೂ ಗುಡ್ ವರ್ಷನ್ ಆದ ತಕ್ಷಣ ಬರೋ ಮೊದಲ್ನೇದು. ಗುರುತಿಟ್ಕೊಳ್ಳಿ, ಎಲ್ಲಾ ಬ್ಯಾಡ್ ಅಂತಾನೇ ಬಂದ್ರೆ ಬೈಸೆಕ್ಟ್ ಹೋಗಿ ನಿಲ್ಲೋದು ಅಲ್ಲೇ.

ಚಿತ್ರ ಬರ್ಲಿಲ್ಲ ಅಂತ ಬ್ಯಾಡ್ ಕೊಡಬೇಡಿ, ಮೊದಲು ಕಂಡ ಅದೇ -110 ಮತ್ತೆ ಬಂತಾ ನೋಡಿ. ಡೆವ್ ಫೋಲ್ಡರ್‌ನಲ್ಲಿ ಕ್ಯಾಮೆರಾದ ವಿಡಿಯೋ0 ಅನ್ನೋ ಫೈಲೇ ಇಲ್ಲ, ಮಾಡ್ಯೂಲ್ ಲಿಸ್ಟ್‌ನಲ್ಲಿ ಯುವಿಸಿವಿಡಿಯೋನೂ ಇಲ್ಲ ಅಂದ್ರೆ ಅಲ್ಲಿ ಟೆಸ್ಟೇ ನಡೆದಿಲ್ಲ, ಕಾನ್ಫಿಗ್ ಸರಿ ಮಾಡ್ಕೊಂಡು ಅದೇ ಕಮಿಟ್‌ನ ಇನ್ನೊಂದ್ಸಲ ಬಿಲ್ಡ್ ಮಾಡಿ. ಕ್ಯಾಮೆರಾ ಚುಚ್ಚಿ, ಒಂದ್ಸಲ ಓಪನ್ ಮಾಡಿ, ಪೆನ್‌ಡ್ರೈವ್, ವಿಪಿಎನ್ ಎಲ್ಲಾನೂ ಒಂದೊಂದ್ಸಲ ಮುಟ್ಟಿ, ಆಮೇಲೆ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ. ಬೂಟ್ ಆದ ಕೂಡಲೇ ಕರ್ನಲ್ ವರ್ಷನ್ ನೋಡ್ಕೊಳ್ಳಿ, ಯಾವ ಕರ್ನಲ್ ಬೂಟ್ ಆಗ್ಬೇಕು ಅಂತ ಆರಿಸೋ ಗ್ರಬ್ ಎಷ್ಟೋ ಸಲ ಸದ್ದಿಲ್ದೆ ಬೇರೇದನ್ನೇ ಎಬ್ಬಿಸಿರತ್ತೆ.

ಇದರ ಮೇಲೆ ಬೂಟ್ ಪಾರ್ಟಿಶನ್ ಬೇರೆ ತುಂಬೋಯ್ತು. ಡೀಬಗ್ ಮಾಹಿತಿ ಸಮೇತ ಮಾಡ್ಯೂಲ್ ಇನ್‌ಸ್ಟಾಲ್ ಮಾಡಿದ್ರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಬೇಕಾಗೋ ಫೈಲ್‌ಗಳ ಕಟ್ಟು) ನೂರಾರು ಎಂಬಿಗೆ ಊದ್ಕೊಳತ್ತೆ, ಅದನ್ನ ಬರೆಯೋದು ಅರ್ಧಕ್ಕೇ ನಿಂತು, ಡಿಸ್ಟ್ರೋದ (ಉಬುಂಟು ತರದ ಸಿದ್ಧ ಲಿನಕ್ಸ್) ಮಾಮೂಲಿ ಅಪ್‌ಡೇಟೂ ಕೆಟ್ಟು ಕೂತ್ಕೊಳ್ತು. ಮಾಡ್ಯೂಲ್ ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1 ಅಂತ ಸೇರಿಸಿದ್ರೆ ಆ ಡೀಬಗ್ ಮಾಹಿತಿ ಹೋಗತ್ತೆ, ಈ ರಗಳೆ ಇಲ್ಲ. ಟೆಸ್ಟ್ ಮುಗಿದ ಕರ್ನಲ್‌ಗಳನ್ನ ಆಗಾಗ ಅಳಿಸ್ತಾ ಇರಿ, ಆದ್ರೆ ಡಿಸ್ಟ್ರೋ ಕೊಟ್ಟಿದ್ದು ಒಂದಾದ್ರೂ ಉಳೀಲೇಬೇಕು.

ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇಲ್ಲದ್ದನ್ನ ಬೂಟ್ ಆಗಕ್ಕೆ ಬಿಡದ ಸೆಟ್ಟಿಂಗ್) ಆನ್ ಇದ್ರೆ ಸೈನ್ ಮಾಡ್ದೇ ಇರೋ ಕರ್ನಲ್ ಮೇಲೇಳಲ್ಲ. ಸರಿ ಆಫ್ ಮಾಡೋಣ ಅಂತ ಹೋಗೋ ಮುಂಚೆ, ಅದೇ ಮೆಷಿನ್‌ನಲ್ಲಿ ವಿಂಡೋಸ್ ಇದ್ದು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಹಾಕಿದ್ರೆ ರಿಕವರಿ ಕೀ ಬೇರೆ ಕಡೆ ಬರೆದಿಟ್ಕೊಳ್ಳಿ, ಮುಂದಿನ ಸಲ ವಿಂಡೋಸ್ ಎದ್ದಾಗ ಅದನ್ನ ಕೇಳೋ ಚಾನ್ಸ್ ಜಾಸ್ತಿ.